ಬ್ಯಾಟರಿಯ ತಪ್ಪಲ್ಲ

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದ ಅರ್ಧ ಗಂಟೆಯೊಳಗೆ ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮ್ಯಾನೇಜರ್ ಮಹಾಶಯರು ಕೈಮುಗಿದ ಚಿತ್ರಗಳ ಸಾಲು ಅಂಟಿಸಿ, 'ಸಂಸ್ಥೆಯ ಮಾತನ್ನು ಎಂದೂ ಮೀರದ ಹಿರಿಯರು, ಸಂತೋಷದಿಂದ ನಿವೃತ್ತರಾದವರು' ಎಂದು ಬರೆದರು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಎಂದೂ ಮೀರದವರು! ಮೀರಿದ್ದಕ್ಕೇ ತಾನೇ ಸ್ವಾಮಿ, ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇರುವಾಗಲೇ ನೀವು ಅವರನ್ನು ಮನೆಗೆ ಕಳಿಸಿದ್ದು? ಅವರು ಹೇಗಿದ್ದರು ಎಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಅವರ ಬೆಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದವಳು ನಾನು.

ಪುಣೆಯ ಸದಾಶಿವ ಪೇಠದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಕೆಳಗಿನ ಮಹಡಿಯಲ್ಲಿತ್ತು ನಮ್ಮ ಆಫೀಸು. ದೊಡ್ಡ ಕ್ಯಾಮೆರಾ ಕಂಪನಿಯೊಂದರ ಸರ್ವೀಸ್ ಸೆಂಟರ್. ಕಂಪನಿಯ ಹೆಸರು ಇಲ್ಲಿ ಬೇಡ. ಗಂಡನಿಗೆ ಹಡಪಸರದಲ್ಲಿ ಕೆಲಸವಾಗಿ ಮೈಸೂರಿನಿಂದ ಬಂದಿದ್ದ ನಾನು ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದೆ. ಮರಾಠಿ ಬಾರದು, ಹಿಂದಿ ಬಂದರೂ ಬಾರದಂತೆ. ಮೊದಲ ದಿನ ಗ್ರಾಹಕರೊಬ್ಬರ ಮುಂದೆ ತಡಬಡಾಯಿಸುತ್ತಿದ್ದಾಗ ಹಿಂದಿನ ರಿಪೇರಿ ಬೆಂಚಿನಿಂದ ದನಿ ಬಂತು. "ಕನ್ನಡದಾಗ ಹೇಳು ತಂಗಿ, ನಾ ಅವರಿಗೆ ತಿಳಿಸಿ ಹೇಳ್ತೀನಿ." ತಿರುಗಿ ನೋಡಿದರೆ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು, ಬಲಗೈಗೆ ಗಡಿಯಾರ ಕಟ್ಟಿದ ಒಬ್ಬ ಕಡ್ಡಿ ಮನುಷ್ಯ. ವಿಜಾಪುರದ ಕಡೆಯವರು. ಆಫೀಸಿನಲ್ಲೆಲ್ಲ ಅವರಿಗೆ ಕಾಕಾ ಎಂದೇ ಹೆಸರು. ನನಗೂ ಅಂದಿನಿಂದ ಕಾಕಾ ಆದರು.

ಚಿಂಚವಾಡದಲ್ಲಿ ಮನೆ. ಮೊದಲು ಅಲ್ಲಿನದೇ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ದುರಸ್ತಿ ಮಾಡುತ್ತಿದ್ದರಂತೆ. ಆ ಕಾಲದ ಒಂದು ಮಲ್ಟಿಮೀಟರನ್ನು ಮದುವೆಯ ಉಂಗುರದ ಹಾಗೆ ಜೋಪಾನ ಮಾಡಿಕೊಂಡಿದ್ದರು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಯಾರದೇ ಕ್ಯಾಮೆರಾ ಬರಲಿ, ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳುವರು. ಹತ್ತು ವರ್ಷ ಹಳೆಯ ಗೀಚುಬಿದ್ದ ಡಬ್ಬಿ ಕ್ಯಾಮೆರಾ ಆದರೂ ಸರಿ. "ಅವರ ಮನಿ ಮಂದಿ ಫೋಟೋ ಎಲ್ಲಾ ಇದರಾಗ ಅವ" ಅನ್ನುವರು. ಮಧ್ಯಾಹ್ನ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಹಚ್ಚಿ ಅರ್ಧ ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುವರು. ನನ್ನ ಚಿತ್ರಾನ್ನ ನೋಡಿ, "ಇದು ಊಟ ಅಲ್ಲವಾ, ಇದು ಊಟದ ಫೋಟೋ" ಎಂದು ರೇಗಿಸುವರು. ಎಂಥ ಮಾತು! ಹಾಗೆನ್ನುತ್ತಲೇ ಎರಡು ಚಮಚ ತಿಂದುಬಿಡುತ್ತಿದ್ದರು.

ಕಾಕಾ ಮತ್ತು ಕಂಪನಿಯ ಜಗಳವೆಲ್ಲ ಬ್ಯಾಟರಿಯದು. ಅದನ್ನು ಬಿಡಿಸಿ ಹೇಳಬೇಕು. ಕ್ಯಾಮೆರಾದ ಜೊತೆ ಕಂಪನಿಯ ಒಂದು ಬ್ಯಾಟರಿ ಬರುತ್ತದೆ. ಇಡೀ ದಿನ ಮದುವೆಯ ಫೋಟೋ ಹಿಡಿಯುವವರಿಗೆ ಒಂದು ಸಾಲದು. ಕಂಪನಿಯದೇ ಇನ್ನೊಂದು ಬೇಕೆಂದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಹಳೆಯ ಮಾಡೆಲ್ ಆದರೆ ತಯಾರಿಕೆಯೇ ನಿಂತಿರುತ್ತದೆ. ಹಾಗಾಗಿ ಜನ ಬೇರೆ ಕಂಪನಿಗಳು ಅದೇ ಅಳತೆಗೆ ಮಾಡಿದ ಬ್ಯಾಟರಿ ಕೊಳ್ಳುತ್ತಾರೆ. ನಮ್ಮ ಮ್ಯಾನೇಜರ್ ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಡೂಪ್ಲಿಕೇಟ್.

ಆ ಪದ ಕಿವಿಗೆ ಬಿದ್ದರೆ ಸಾಕು, ಕಾಕಾ ಭೂತಗನ್ನಡಿ ಇಳಿಸುತ್ತಿದ್ದರು. "ನೋಡ್ರಿ, ತನ್ನ ಹೆಸರು ತಾನ ಹಚ್ಚಿಕೊಂಡು ಬಂದದ್ದು ಡೂಪ್ಲಿಕೇಟ್ ಅಲ್ಲ. ಇನ್ನೊಬ್ಬರ ಹೆಸರು ಹಚ್ಚಿಕೊಂಡು ಬಂದದ್ದು ಡೂಪ್ಲಿಕೇಟ್." ನಮ್ಮ ಕಂಪನಿಯ ಹೆಸರು, ಹೊಳೆಯುವ ಸ್ಟಿಕರ್ ಎಲ್ಲ ಅಂಟಿಸಿಕೊಂಡ ನಕಲಿಗಳು ಬಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ತನ್ನದೇ ಹೆಸರಿನ ಬೇರೆ ಬ್ಯಾಟರಿ ಬಂದರೆ ಶಾಂತವಾಗಿ ಮೀಟರ್ ಹಿಡಿಯುವರು.

ಒಂದು ಸಲ ನಾನೇ ಕೇಳಿದೆ. "ಅಲ್ಲ ಕಾಕಾ, ಬೇರೆ ಬ್ಯಾಟರಿ ಹಾಕಿದ್ರೆ ಚಾರ್ಜ್ ಎಷ್ಟಿದೆ ಅಂತ ಕ್ಯಾಮೆರಾ ಸರಿಯಾಗಿ ತೋರ್ಸೋದೇ ಇಲ್ವಲ್ಲ? ಫುಲ್ ಅನ್ನುತ್ತೆ, ಪಟ್ ಅಂತ ಆಫ್ ಆಗುತ್ತೆ."

"ಕ್ಯಾಮೆರಾಕ್ಕ ಅದರ ಮಾತು ಪೂರಾ ತಿಳಿಯಂಗಿಲ್ಲ, ಅಷ್ಟ. ನೀ ಮೈಸೂರಕಿ. ನೀ ಮಾತಾಡಿದ್ದು ನನಗ ಅರ್ಧ ತಿಳೀತದ, ಅರ್ಧ ತಿಳಿಯಂಗಿಲ್ಲ. ಹಂಗಂತ ನೀ ಡೂಪ್ಲಿಕೇಟ್ ಏನು?"

ಹಾಗೆಂದು ಕಂಡ ಕಂಡ ಅಗ್ಗದ ಮಾಲನ್ನೆಲ್ಲ ಹೊಗಳುವ ಮನುಷ್ಯ ಅಂದುಕೊಳ್ಳಬೇಡಿ. ಒಮ್ಮೆ ಒಬ್ಬ ಕಾಲೇಜು ಹುಡುಗಿ ತಂದ ಕ್ಯಾಮೆರಾದಲ್ಲಿ ಬ್ಯಾಟರಿ ಊದಿಕೊಂಡು ಒಳಗೇ ಸಿಕ್ಕಿಬಿದ್ದಿತ್ತು. ಲೋಹದ್ದೇನೂ ತಗಲಿಸದೆ, ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಂದು ಗಂಟೆ ಉಸಿರು ಬಿಗಿಹಿಡಿದು ಅದನ್ನು ಹೊರತೆಗೆದರು. ಬಾಲ್ಕನಿಯಲ್ಲಿ ಮರಳು ತುಂಬಿದ ಮಣ್ಣಿನ ಗಡಿಗೆಯೊಂದನ್ನು ಇಟ್ಟಿದ್ದರು. ಬ್ಯಾಟರಿಯನ್ನು ಅದರಲ್ಲಿ ಹೂತು ಬಂದವರೇ ಆ ಹುಡುಗಿಗೆ ಮರಾಠಿಯಲ್ಲಿ ಮುಖ ಮೂತಿ ನೋಡದೆ ಬೈದರು. ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗುತ್ತಿದ್ದಳಂತೆ. ಬೈದು ಮುಗಿದ ಮೇಲೆ ಚಹಾ ತರಿಸಿ, ಕೂರಿಸಿಕೊಂಡು ಪಾಠ ಹೇಳಿದರು. ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಬೇಕು, ತೀರ ಹಗುರವಾದದ್ದು ಬೇಡ. ಕಂಪನಿಯದಕ್ಕಿಂತ ಎರಡು ಪಟ್ಟು ಶಕ್ತಿ ಎಂದು ಬರೆದಿದ್ದರೆ ಅದು ಸುಳ್ಳು. ಹಾಕಿದರೆ ಸಲೀಸಾಗಿ ಒಳಗೆ ಹೋಗಬೇಕು, ಕೊಂಡಿ ಸರಿಸಿದರೆ ತಾನಾಗಿ ಹೊರಗೆ ಬರಬೇಕು. ಕೊಂಡ ತಿಂಗಳನ್ನು ಅದರ ಮೈಮೇಲೆ ಬರೆದಿಡಬೇಕು. ಚಾರ್ಜಿಗೆ ಹಾಕಿದರೆ ಎಚ್ಚರವಾಗಿ ಕೂತಿರಬೇಕು. ಆ ಸಂಜೆ ಪರೀಕ್ಷೆಯ ಫಲ ಬರೆಯುವ ಜಾಬ್ ಕಾರ್ಡಿನ ಮೇಲೆ ತಮ್ಮ ಗುಂಡು ಅಕ್ಷರದಲ್ಲಿ 'ದೋಷ ಬ್ಯಾಟರಿಯದು' ಎಂದು ಬರೆದರು. ಬ್ಯಾಟರಿಯ ತಪ್ಪಿದ್ದರೆ ಬ್ಯಾಟರಿಯ ತಪ್ಪು, ಇಲ್ಲದಿದ್ದರೆ ಇಲ್ಲ. ಅವರ ಮಟ್ಟಿಗೆ ಅದು ಅಷ್ಟು ಸರಳ.

ಮುಂಬೈಯಿಂದ ಒಬ್ಬ ಟ್ರೇನರ್ ಬಂದು, ಹೊರಗಿನ ಬ್ಯಾಟರಿ ಹಾಕಿದರೆ ಬೆಂಕಿಯೇ ಗತಿ ಎಂಬಂತೆ ಚಿತ್ರ ತೋರಿಸಿದಾಗ ಕಾಕಾ ಎದ್ದು ನಿಂತರು. ಹಳೆಯ ಮಾಡೆಲ್ಲಿಗೆ ಕಂಪನಿಯೇ ಬ್ಯಾಟರಿ ಮಾಡುವುದು ನಿಲ್ಲಿಸಿದೆಯಲ್ಲ, ಆ ಜನ ಏನು ಮಾಡಬೇಕು ಎಂದು ಕೇಳಿದರು. ಹೊಸ ಕ್ಯಾಮೆರಾ ಕೊಳ್ಳಲಿ ಎಂದ ಆತ. "ಚಪ್ಪಲಿ ಹರದರ ಕಾಲ ಬದಲ ಮಾಡ್ತೀರೇನ್ರಿ?" ಕೇಳಿದ್ದು ಮರಾಠಿಯಲ್ಲಿ, ಆಮೇಲೆ ನನಗಾಗಿ ಕನ್ನಡದಲ್ಲಿ ಇನ್ನೊಂದು ಸಲ. ಮ್ಯಾನೇಜರ್ ಮುಖ ಹುಳ್ಳಗಾಯಿತು. ಅಂದಿನಿಂದ ಕಾಕಾ ಮೇಲೆ ಅವರ ಕಣ್ಣು ಬಿತ್ತು.

ಇನ್ನು ಮುಂದಿನದು ನನ್ನ ಮಾನ ಹೋಗುವ ಕಥೆ. ಹೇಳಿಬಿಡುತ್ತೇನೆ.

ನಮ್ಮಲ್ಲಿ ಕೆಲಸ ಸಾಗುತ್ತಿದ್ದ ಬಗೆ ಹೀಗೆ. ಕಾಕಾ ಪರೀಕ್ಷೆ ಮಾಡಿ ತಮ್ಮ ತೀರ್ಮಾನವನ್ನು ಜಾಬ್ ಕಾರ್ಡಿನ ಮೇಲೆ ಕೈಯಲ್ಲಿ ಬರೆಯುವರು. ಅದನ್ನು ನೋಡಿ ನಾನು ಕಂಪ್ಯೂಟರಿಗೆ ಹಾಕಿ, ರಿಪೋರ್ಟು ಪ್ರಿಂಟ್ ತೆಗೆಯಬೇಕು. ಕಂಪ್ಯೂಟರಿನಲ್ಲಿ 'ಕಾರಣ' ಎಂಬ ಜಾಗದಲ್ಲಿ ಒಂದು ಪಟ್ಟಿ ಬೀಳುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ಕ್ಯಾಮೆರಾದಲ್ಲಿ ಹೊರಗಿನ ಬ್ಯಾಟರಿ ಕಂಡರೆ ಕಣ್ಣುಮುಚ್ಚಿ 'ಹೊರಗಿನ ಬ್ಯಾಟರಿಯಿಂದ ಹಾನಿ' ಎಂಬುದನ್ನೇ ಒತ್ತಬೇಕೆಂದು ಮ್ಯಾನೇಜರ್ ನನಗೆ ಬಾಯಿಮಾತಿನಲ್ಲಿ ಹೇಳಿದ್ದರು. ಹಾಗೆ ಒತ್ತಿದರೆ ವಾರಂಟಿ ಹೋಯಿತು, ಪುಕ್ಕಟೆ ರಿಪೇರಿ ಇಲ್ಲ. ಒತ್ತಿದೆ. ಕಾಕಾರ ಕಾರ್ಡಿನಲ್ಲಿ 'ಬ್ಯಾಟರಿಯ ತಪ್ಪಲ್ಲ' ಎಂದು ಕಣ್ಣಿಗೆ ಹೊಡೆಯುವಂತೆ ಬರೆದಿದ್ದರೂ ಒತ್ತಿದೆ. ತಿಂಗಳುಗಟ್ಟಲೆ ಒತ್ತಿದೆ. ಹೊಸ ಊರು, ಹೊಸ ಕೆಲಸ, ಸಾಹೇಬರು ಹೇಳಿದ್ದಾರೆ, ನನಗೇಕೆ ಊರ ಉಸಾಬರಿ ಎಂದು ಸುಮ್ಮನಿದ್ದೆ. ಹೆದರುಪುಕ್ಕಲಿ, ಇನ್ನೇನು.

ಸಂಜೆ ಆರಕ್ಕೆ ರಿಪೋರ್ಟುಗಳ ಕಟ್ಟನ್ನು ಕೆಳಗಿನ ಅಂಚು ಮಾತ್ರ ಕಾಣುವಂತೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಅವರ ಬೆಂಚಿನ ಮೇಲೆ ಇಡುತ್ತಿದ್ದೆ. ಅವರು ಒಂದೇ ಉಸಿರಿಗೆ ಎಲ್ಲದಕ್ಕೂ ಸಹಿ ಹಾಕಿ ಲೋಕಲ್ ಟ್ರೇನಿಗೆ ಓಡುವರು. "ಒಮ್ಮೆ ಓದಿ ಕಾಕಾ" ಎಂದು ಮೊದಮೊದಲು ಅಂದಿದ್ದೆ. "ನೀ ಟೈಪ್ ಮಾಡೀದಿ ಅಂದ ಮ್ಯಾಲ ನಾ ಓದೂದೇನದ?" ಎಂದಿದ್ದರು. ಆಮೇಲೆ ನಾನು ಅನ್ನುವುದನ್ನು ಬಿಟ್ಟೆ. ಅನ್ನದಿರುವುದೇ ನನಗೆ ಅನುಕೂಲವಾಗಿತ್ತು.

ಪಿಂಪ್ರಿಯಿಂದ ಬಂದಿದ್ದ ಒಬ್ಬ ಮರಾಠಿ ಹೆಂಗಸಿನಿಂದ ಇದೆಲ್ಲ ಬಯಲಾಯಿತು. ನಲವತ್ತರ ಹತ್ತಿರದವಳು. ಕಾರ್ಮಿಕರ ಕಾಲೊನಿಗಳಲ್ಲಿ ಹುಟ್ಟುಹಬ್ಬ, ನಾಮಕರಣ, ನಿಶ್ಚಿತಾರ್ಥಗಳ ಫೋಟೋ ಹಿಡಿದು ಮನೆ ನಡೆಸುತ್ತಿದ್ದಳು. ಇದ್ದದ್ದು ಒಂದೇ ಕ್ಯಾಮೆರಾ, ಕೊಂಡು ಏಳು ತಿಂಗಳು. ಅದರ ಶಟರ್ ಸಿಕ್ಕಿಕೊಂಡು ಪರದೆಯ ಮೇಲೆ ಬರೀ ಎರರ್. ಕಾಕಾ ಅವಳೆದುರಿಗೇ ಅವಳ ಬ್ಯಾಟರಿಗೆ ಮೀಟರ್ ಹಿಡಿದು, ಸರಿಯಾಗಿದೆ ಎಂದು ತೋರಿಸಿದ್ದರು. ಆಮೇಲೆ ಕಂಪನಿಯ ಬ್ಯಾಟರಿ ಹಾಕಿದರೂ ಅದೇ ಎರರ್. ಅದೇ ಮಾಡೆಲ್ಲಿನ ಇನ್ನೆರಡು ಕ್ಯಾಮೆರಾ, ಕಂಪನಿಯದೇ ಬ್ಯಾಟರಿ ಇದ್ದಂಥವು, ಅದೇ ರೋಗಕ್ಕೆ ನಮ್ಮ ಕಪಾಟಿನಲ್ಲಿ ಮಲಗಿದ್ದವು. ಕಾಕಾ ಕಾರ್ಡಿನಲ್ಲಿ ಇದೆಲ್ಲವನ್ನೂ ಬರೆದರು. ನಾನು ಅಭ್ಯಾಸದಂತೆ ಒತ್ತುವುದನ್ನು ಒತ್ತಿದೆ. ಅವರು ಅಭ್ಯಾಸದಂತೆ ಓದದೆ ಸಹಿ ಹಾಕಿದರು.

ನಾಲ್ಕು ದಿನಕ್ಕೆ ಅವಳು ರಿಪೋರ್ಟು ಹಿಡಿದು ಬಂದಳು. ನನ್ನೊಡನೆ ಮಾತಾಡಲಿಲ್ಲ. ಇದಕ್ಕೆ ಸಹಿ ಹಾಕಿದವರನ್ನು ಕರೆಯಿರಿ ಎಂದಳು. ಕಾಕಾ ಕೈ ಒರೆಸಿಕೊಳ್ಳುತ್ತ ಬಂದರು. "ಅವತ್ತು ನನ್ನ ಮುಂದೆಯೇ ಬ್ಯಾಟರಿ ಚೆನ್ನಾಗಿದೆ ಅಂದಿರಿ. ಇಲ್ಲಿ ಬ್ಯಾಟರಿಯಿಂದಲೇ ಹಾಳಾಯಿತು ಅಂತ ಸಹಿ ಹಾಕಿದ್ದೀರಿ. ಎರಡರಲ್ಲಿ ನಿಮ್ಮ ಮಾತು ಯಾವುದು?" ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಕಾಕಾ ಕಾಗದ ತೆಗೆದುಕೊಂಡು ಓದಿದರು. ಮತ್ತೆ ಓದಿದರು. ತಮ್ಮ ಸಹಿಯ ಮೇಲೆ ಬೆರಳಾಡಿಸಿದರು. ಆಮೇಲೆ ಅವಳಿಗೆ ಕೈಮುಗಿದು, ಮೀಟರ್ ತೋರಿಸಿದ್ದೇ ನನ್ನ ಮಾತು, ಈ ಕಾಗದ ತಪ್ಪು, ಸರಿಯಾದದ್ದು ಕೊಡುತ್ತೇನೆ, ಕ್ಯಾಮೆರಾ ಇಲ್ಲೇ ಇರಲಿ ಎಂದರು. ಭಾನುವಾರ ಒಂದು ನಿಶ್ಚಿತಾರ್ಥ ಒಪ್ಪಿಕೊಂಡಿದ್ದೇನೆ ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಅವಳು ಮೆಟ್ಟಿಲಿಳಿಯುವ ತನಕ ಕಾಕಾ ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ನನ್ನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಎಷ್ಟು ಮಂದಿದು ಹಿಂಗ ಮಾಡೀದಿ?"

"ಸರ್ ಹೇಳಿದ್ರು ಕಾಕಾ... ಲಿಸ್ಟ್‌ನಲ್ಲಿ ಅದನ್ನೇ ಒತ್ತಬೇಕು ಅಂತ. ನಾನೇನ್ ಮಾಡ್ಲಿ ಹೇಳಿ?"

"ನನ್ನ ಹೆಸರು ಹಚ್ಚಿ ಇನ್ನೊಬ್ಬರ ಮಾತು ಬರದೀದಿ. ಇಂಥಾದ್ದಕ್ಕ ನಾ ಏನಂತೀನಿ, ನಿನಗ ಗೊತ್ತದ ಅಲ್ಲ?"

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. "ಅಳಬ್ಯಾಡ. ಓದದ ಸಹಿ ಹಾಕಿದಾಂವ ನಾ. ನಿನಗಿಂತ ದೊಡ್ಡ ತಪ್ಪು ನಂದು" ಎಂದು ಎದ್ದುಹೋದರು. ಇವತ್ತಿಗೂ ಅವರ ಹೆಸರನ್ನು ನಾನು ಎಲ್ಲೂ ಬರೆಯುವುದಿಲ್ಲ, ಇಲ್ಲಿಯೂ ಬರೆದಿಲ್ಲ. ಅವರು ಹೇಳದ ಮಾತುಗಳ ಕೆಳಗೆ ಅದನ್ನು ಸಾಕಷ್ಟು ಸಲ ಹಾಕಿದ್ದೇನೆ.

ಆ ಸಂಜೆಯಿಂದ ಕಾಕಾ ಸಹಿ ನಿಲ್ಲಿಸಿದರು. ಅವಳದಕ್ಕೆ ಮಾತ್ರವಲ್ಲ, ಎಲ್ಲರದಕ್ಕೂ. ಕಾರ್ಡಿನಲ್ಲಿ ಬರೆದಂತೆ ರಿಪೋರ್ಟು ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ. ಕೆಲಸ ಮಾತ್ರ ಎಂದಿನಂತೆ, ಒಂಬತ್ತೂವರೆಗೆ ಬರುವರು, ಪರೀಕ್ಷೆ ಮಾಡುವರು, ಕಾರ್ಡು ಬರೆಯುವರು. ಸಹಿ ಇಲ್ಲದೆ ಯಾವ ಕ್ಯಾಮೆರಾವೂ ಹೊರಗೆ ಹೋಗುವಂತಿಲ್ಲ. ಎರಡೇ ದಿನಕ್ಕೆ ಕಪಾಟು ತುಂಬಿ ಕ್ಯಾಮೆರಾಗಳು ಕುರ್ಚಿಯ ಮೇಲೆ ಬಂದವು. ಫೋನುಗಳ ಮೇಲೆ ಫೋನು. ಗ್ರಾಹಕರ ಬೈಗುಳವೆಲ್ಲ ಕೌಂಟರಿನಲ್ಲಿ ಕೂತ ನನ್ನ ತಲೆಯ ಮೇಲೆ.

ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ ಗದರಿದರು. ಕೊನೆಗೆ ಒಂದು ಪತ್ರ ತಯಾರಿಸಿ ತಂದು ಬೆಂಚಿನ ಮೇಲೆ ಇಟ್ಟರು. ನನ್ನ ಪರೀಕ್ಷೆಯಲ್ಲಿ ತಪ್ಪಾಗಿತ್ತು, ಹೊರಗಿನ ಬ್ಯಾಟರಿಯಿಂದ ಶಟರ್ ಕೆಡಬಹುದು ಎಂದು ಕಾಕಾ ಒಪ್ಪಿಕೊಳ್ಳುವ ಪತ್ರ. ಕಾಕಾ ಅದನ್ನು ಪೂರ್ತಿ ಓದಿದರು. ಈಗ ಓದುವುದನ್ನು ಕಲಿತಿದ್ದೇನೆ ಎಂದರು. ಮಡಚಿ ವಾಪಸು ಕೊಟ್ಟರು. ಕೆಲಸ ಹೋಗುತ್ತದೆ ಎಂದರು ಮ್ಯಾನೇಜರ್. "ಹೋಗಲಿ ಬಿಡ್ರಿ. ಮೀಟರ್ ನಂದು, ಕೈ ನಂದು" ಅಂದರು ಕಾಕಾ. ಜಗ್ಗಲಿಲ್ಲ ಆಸಾಮಿ. ಹೊರಹಾಕಿದ ಮೇಲೂ ಚಿಂಚವಾಡದ ತಮ್ಮ ಮನೆಯ ಬಾಲ್ಕನಿಯಲ್ಲೇ ಕೂತು ಸಾಯುವ ಹಿಂದಿನ ವಾರದ ತನಕ ಕ್ಯಾಮೆರಾ ದುರಸ್ತಿ ಮಾಡಿದರು. ಆ ಮನೆಗೆ ಹೋಗಿ ನಾನೂ ಕೆಲಸ ಕಲಿತೆ.

ಆದರೆ ಆ ವಾರ ನನಗೆ ಅವರ ಹಟದ ಮೇಲೂ ಕೋಪ ಬಂದಿತ್ತು. ಪಿಂಪ್ರಿಯವಳು ದಿನಾ ಬರುತ್ತಿದ್ದಳು. ಬಂದು, ಬೆಂಚಿನ ಕಡೆ ನೋಡಿ, ಆಗಿಲ್ಲವಾ ಎಂದು ಕೇಳಿ, ಹೋಗುತ್ತಿದ್ದಳು. ಇವರು ಸತ್ಯ ಹಿಡಿದು ಕೂತರೆ ಅವಳ ಭಾನುವಾರ ಏನಾಗಬೇಕು? ಗುರುವಾರ ಊಟದ ಹೊತ್ತಿಗೆ ಅದನ್ನೇ ಕೇಳಿಬಿಟ್ಟೆ. "ಅವಳಿಗೆ ಕ್ಯಾಮೆರಾ ಬೇಕು ಕಾಕಾ. ನಿಮ್ಮ ಸತ್ಯ ಇಟ್ಕೊಂಡು ಅವಳೇನ್ ಮಾಡ್ತಾಳೆ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಾ ಬರದು ಇಟ್ಟೇನಿ. ಕಾರ್ಡು ನಿನ್ನ ಟೇಬಲ್ ಮ್ಯಾಲ ಅದ. ನನ್ನ ಕೆಲಸ ಮುಗೀತು. ಇನ್ನ ಯಾರ ಕೈಯಾಗ ಅದ, ನೀನ ನೋಡು." ಅವತ್ತೂ ಅರ್ಧ ರೊಟ್ಟಿ ನನ್ನ ಮುಚ್ಚಳಕ್ಕೆ ಬಂತು. ಅದನ್ನು ಹಾಗೇ ಮುಚ್ಚಿಟ್ಟು ಎದ್ದೆ.

ಮೂರು ಗಂಟೆಗೆ ಮ್ಯಾನೇಜರ್ ನನ್ನನ್ನು ಕರೆದು ಉಪಾಯ ಹೇಳಿಕೊಟ್ಟರು. ಅದೇ ಕಾರಣ ಒತ್ತು, ಪರೀಕ್ಷಿಸಿದವರ ಜಾಗದಲ್ಲಿ ಬೇರೆ ಟೆಕ್ನಿಷಿಯನ್ ಹೆಸರು ಹಾಕು, ಅವನ ಸಹಿ ನಾನು ತರಿಸುತ್ತೇನೆ. ಆಯಿತು ಸರ್ ಎಂದು ಬಂದು ಕೂತೆ. ಪಿಂಪ್ರಿಯವಳು ಆಗಲೇ ಬಂದು ಗ್ರಾಹಕರ ಬೆಂಚಿನ ತುದಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಖಾಲಿ ಕ್ಯಾಮೆರಾ ಚೀಲ.

ಪಟ್ಟಿ ಬಿಡಿಸಿದೆ. ಎಷ್ಟೋ ತಿಂಗಳಿಂದ ಮೊದಲ ಸಾಲಿನಲ್ಲೇ ಒತ್ತಿ ಮುಗಿಸುತ್ತಿದ್ದ ಪಟ್ಟಿ. ಅವತ್ತು ಕೆಳಗಿನ ತನಕ ಇಳಿಸಿಕೊಂಡು ಹೋದೆ. ಕಟ್ಟಕಡೆಯಲ್ಲಿ ಒಂದು ಸಾಲಿತ್ತು, 'ಇತರೆ'. ಬೇರೆ ದಾರಿಯೇ ಇಲ್ಲ ಎಂದು ಕಾಕಾರ ಮುಂದೆ ಅತ್ತಿದ್ದೆನಲ್ಲ! ನೋಡಿದ್ದರೆ ತಾನೇ ಇರುವುದು ಕಾಣಬೇಕು. ಒತ್ತಿದೆ. ಕಾರಣ ಬರೆಯಿರಿ ಎಂದಿತು. ಕಾರ್ಡನ್ನು ಎದುರಿಗೆ ನಿಲ್ಲಿಸಿಕೊಂಡು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಕಂಪನಿಯ ಬ್ಯಾಟರಿ ಹಾಕಿ ನೋಡಲಾಗಿದೆ, ದೋಷ ಹಾಗೇ ಇದೆ. ದೋಷ ಶಟರಿನದು. ಬ್ಯಾಟರಿಯ ತಪ್ಪಲ್ಲ. ವಾರಂಟಿಯಲ್ಲಿ ಬದಲಿಸಿ ಕೊಡಬೇಕು. ಸಿದ್ಧಪಡಿಸಿದವರ ಹೆಸರನ್ನೂ ಕೇಳಿತು. ಅಲ್ಲಿ ಯಾವಾಗಲೂ ಬರೀ 'ಕೌಂಟರ್' ಎಂದು ಹಾಕುತ್ತಿದ್ದೆ. ಅವತ್ತು ಅಪ್ಪನ ಹೆಸರು ಸೇರಿಸಿ ನನ್ನ ಪೂರ್ತಿ ಹೆಸರು ಹಾಕಿದೆ.

ಪ್ರಿಂಟ್ ತೆಗೆದು, ಸೀಲು ಒತ್ತಿ, ಕಾಕಾರ ಬೆಂಚಿಗೆ ಒಯ್ದೆ. ಅವರು ಭೂತಗನ್ನಡಿ ಇಳಿಸಿ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಬೆರಳಿಟ್ಟು ಓದಿದರು. ನನ್ನ ಹೆಸರಿನ ಹತ್ತಿರ ಬೆರಳು ನಿಂತಿತು. ತಲೆಯೆತ್ತಿ ನನ್ನ ಮುಖ ನೋಡಿದರು. "ಓದೇನಿ" ಎಂದರು. ಸಹಿ ಹಾಕಿದರು. ಕಾಗದವನ್ನು ತಾವೇ ಒಯ್ದು ಆ ಹೆಂಗಸಿನ ಕೈಗೆ ಕೊಟ್ಟು, ಶನಿವಾರ ಮಧ್ಯಾಹ್ನ ಬನ್ನಿ, ಕಪಾಟಿನಲ್ಲಿ ಹೊಸ ಶಟರ್ ಇದೆ, ಹಾಕಿ ಇಟ್ಟಿರುತ್ತೇನೆ ಎಂದರು. ಅವಳು ಓದಿ, ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಇನ್ನು ಅದನ್ನು ಅವಳಿಂದ ಕಿತ್ತುಕೊಳ್ಳುವ ಮ್ಯಾನೇಜರ್ ಪುಣೆಯಲ್ಲಿ ಹುಟ್ಟಿರಲಿಲ್ಲ.

ಐದು ನಿಮಿಷಕ್ಕೆ ಸಾಹೇಬರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಕಂಡು ಹೊರಗೆ ಬಂದರು. ಮುಖ ಕೆಂಪಾಗಿತ್ತು. ಆಫೀಸಿಗೆ ಆಫೀಸೇ ಕೆಲಸ ನಿಲ್ಲಿಸಿತು. "ಇದನ್ನು ಬರೆದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತಿದ್ದರು. ನಾನೇ ಬರೆಸಿದ್ದು, ಆ ಹುಡುಗಿಗೆ ಏನೂ ಗೊತ್ತಿಲ್ಲ, ನಾನು ಹೇಳಿದ್ದನ್ನು ಟೈಪ್ ಮಾಡಿದಳು ಅಷ್ಟೆ, ಅವಳನ್ನು ಏನೂ ಕೇಳಬೇಡಿ ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ದನಿ ಒಂದಿಷ್ಟೂ ಅಲುಗಲಿಲ್ಲ. ಆ ಮನುಷ್ಯನ ಬಾಯಿಂದ ನಾನು ಕೇಳಿದ ಒಂದೇ ಒಂದು ಸುಳ್ಳು ಅದು. ಅದನ್ನಾದರೂ ಅವರ ಹೆಸರಿನಲ್ಲಿ ಉಳಿಯಲು ಬಿಡಬಾರದು ಅನ್ನಿಸಿತು. ನನಗೆ ಗೊತ್ತಿದ್ದ ಅಷ್ಟಿಷ್ಟು ಮರಾಠಿಯನ್ನೆಲ್ಲ ಒಟ್ಟು ಮಾಡಿಕೊಂಡು ಎದ್ದು ನಿಂತೆ.

"ಬರೆದದ್ದು ನಾನು. ಕೆಳಗೆ ನನ್ನ ಹೆಸರಿದೆ, ಓದಿ."